ಮಡಚುವ ತೊಟ್ಟಿಲೂ ಗುಂಡುಕಲ್ಲೂ

ನಮ್ಮ ಬೀಗರಾದ ಮುನಿರಾಮಪ್ಪನವರು ಕಲಾಸಿಪಾಳ್ಯದ ತಮ್ಮ ತರಕಾರಿ ಮಂಡಿಯಿಂದ ಹಿಡಿದು ಕುಮಾರ ಪಾರ್ಕಿನ ತಮ್ಮ ಮನೆಯ ತಿರುವಿನವರೆಗೆ ಹೇಳಿಕೊಂಡು ಬರುತ್ತಿರುವ ಕಥೆಯಲ್ಲಿ ನಾಲ್ಕು ತಪ್ಪುಗಳಿವೆ. ಗುಂಡುಕಲ್ಲಿನ ತೂಕ ಅವರು ಹೇಳುವಂತೆ ಹದಿನಾಲ್ಕು ಕಿಲೋ ಅಲ್ಲ, ಹದಿನಾಲ್ಕು ಕಿಲೋ ಇನ್ನೂರು ಗ್ರಾಂ. ಮಗು ಅತ್ತದ್ದು ಒಂದು ಗಂಟೆಯಲ್ಲ, ನಲವತ್ತೊಂದು ನಿಮಿಷ. ನಾನು ಚಿಕ್ಕಪೇಟೆಯ ಅಂಗಡಿಯವರ ಕಾಲು ಹಿಡಿಯಲಿಲ್ಲ. ಕೈ ಮುಗಿದೆ, ಅಷ್ಟೆ. ನನ್ನ ಕಣ್ಣಲ್ಲಿ ನೀರು ಬಂತು ಎಂಬುದು ನಾಲ್ಕನೆಯದು. ಅದನ್ನು ಯಾರೂ ಅಳತೆ ಮಾಡಿ ನೋಡಿಲ್ಲವಾದ್ದರಿಂದ ಆ ಬಗ್ಗೆ ನಾನು ಹೇಳಿಕೆ ಕೊಡುವುದಿಲ್ಲ.

ನಡೆದದ್ದನ್ನು ನಡೆದಂತೆಯೇ ದಾಖಲಿಸುವುದು ನನ್ನ ಕರ್ತವ್ಯ. ಮೂವತ್ತನಾಲ್ಕು ವರ್ಷ ತೂಕ ಮತ್ತು ಅಳತೆ ಇಲಾಖೆಯಲ್ಲಿ ಸೇವೆ ಸಲ್ಲಿಸಿ, ೧೯೯೮ರ ಮೇ ಮೂವತ್ತೊಂದರಂದು ಸಹಾಯಕ ನಿಯಂತ್ರಕನಾಗಿ ನಿವೃತ್ತನಾದ ಸೊಣ್ಣಪ್ಪ ನಾನು. ಚಾಮರಾಜಪೇಟೆ ನಾಲ್ಕನೇ ಮುಖ್ಯರಸ್ತೆಯ ನಿವಾಸಿ. ನನ್ನ ಹೆಸರು ಕೇಳಿದರೆ ಒಂದು ಕಾಲದಲ್ಲಿ ತಕ್ಕಡಿಗಳ ತಟ್ಟೆಗಳು ತಾವಾಗಿಯೇ ಸಮನಾಗುತ್ತಿದ್ದವು. (ಇದು ನನ್ನ ಮಾತಲ್ಲ, ಬೀಳ್ಕೊಡುಗೆ ಸಮಾರಂಭದಲ್ಲಿ ಮೇಲಧಿಕಾರಿಗಳು ಆಡಿದ್ದು.) ಅದೇ ಸಮಾರಂಭದಲ್ಲಿ ಸಹೋದ್ಯೋಗಿಗಳೆಲ್ಲ ಸೇರಿ ನನಗೊಂದು ಸ್ಪ್ರಿಂಗ್ ತಕ್ಕಡಿಯನ್ನು ಕಾಣಿಕೆಯಾಗಿ ಕೊಟ್ಟರು. ಇಪ್ಪತ್ತೈದು ಕಿಲೋ ತೂಗಬಲ್ಲ, ಹಿತ್ತಾಳೆ ಮುಖದ, ಕರಿಮುಳ್ಳಿನ ಸುಂದರ ಉಪಕರಣ. ಇತರರು ನಿವೃತ್ತಿಗೆ ಗೋಡೆ ಗಡಿಯಾರ ಪಡೆಯುತ್ತಾರೆ. ನನಗೆ ಸತ್ಯ ಹೇಳುವ ಯಂತ್ರ ಸಿಕ್ಕಿತೆಂದು ನಾನು ಹೆಮ್ಮೆಪಟ್ಟಿದ್ದೆ.

ಆ ತಕ್ಕಡಿ ನಮ್ಮ ಮನೆಯ ಸ್ಟೋರ್ ರೂಮಿನ ಕೊಂಡಿಯಲ್ಲಿ ನೇತಾಡುತ್ತಿತ್ತು. ಪ್ರತಿ ತಿಂಗಳ ಎರಡನೆಯ ತಾರೀಕು ದಿನಸಿ ಬಂದೊಡನೆ ಅದನ್ನು ನಡುಮನೆಯ ತೊಲೆಗೆ ತೂಗುಹಾಕಿ ಎಲ್ಲವನ್ನೂ ತೂಗಿ ನೋಡುವುದು ನನ್ನ ಪದ್ಧತಿ. ಒಂದು ಸಂಗತಿ ನನಗೆ ಬಹಳ ಸಂತೋಷ ಕೊಡುತ್ತಿತ್ತು. ಹತ್ತು ಕಿಲೋ ಅಕ್ಕಿ ಹೇಳಿದರೆ ದಿನಸಿ ಅಂಗಡಿಯ ಅಪ್ಪಯ್ಯ ಹನ್ನೊಂದು ಕಿಲೋ ಚಿಲ್ಲರೆ ಕಳಿಸುತ್ತಿದ್ದ. ನಿವೃತ್ತನಾದ ಅಧಿಕಾರಿಯ ಮೇಲೆ ವರ್ತಕನಿಗಿದ್ದ ಭಯಭಕ್ತಿಗೆ ಇದಕ್ಕಿಂತ ಸಾಕ್ಷಿ ಬೇಕೇ? ಆದರೆ ಸೇವೆಯಲ್ಲಿದ್ದಾಗ ಒಂದು ಲೋಟ ಕಾಫಿಯನ್ನೂ ಮುಟ್ಟದ ನಾನು ಈ ಹೆಚ್ಚುವರಿಯನ್ನು ಮುಟ್ಟುವೆನೇ? ಮುಳ್ಳು ಹತ್ತಕ್ಕೆ ಬರುವವರೆಗೆ ಅಕ್ಕಿ ತೆಗೆದು, ಪೊಟ್ಟಣ ಕಟ್ಟಿ, ನಾನೇ ಖುದ್ದಾಗಿ ಹೋಗಿ ಹಿಂದಿರುಗಿಸುತ್ತಿದ್ದೆ. ಅಪ್ಪಯ್ಯ ಅದನ್ನು ಎರಡೂ ಕೈ ಚಾಚಿ ತೆಗೆದುಕೊಂಡು, "ನಿಮ್ಮಂಥೋರು ಸಿಗಲ್ಲ ಬಿಡಿ ಸಾರ್" ಎನ್ನುತ್ತಿದ್ದ. ಆಗ ಅದನ್ನು ಹೊಗಳಿಕೆಯೆಂದೇ ತಿಳಿದಿದ್ದೆ.

ಇನ್ನು ತೊಟ್ಟಿಲ ವಿಷಯಕ್ಕೆ ಬರುತ್ತೇನೆ.

ನಮ್ಮ ಒಬ್ಬಳೇ ಮಗಳು ಕುಸುಮಾ. ಬ್ಯಾಂಕಿನಲ್ಲಿ ಕೆಲಸ. ಅಳಿಯಂದಿರು ಯೋಗಾನಂದ; ಮೇಲೆ ಹೇಳಿದ ಮುನಿರಾಮಪ್ಪನವರ ಮಗ. ೨೦೦೩ರ ಏಪ್ರಿಲ್ ಹದಿನೆಂಟರಂದು ಮೊಮ್ಮಗಳು ರಮ್ಯಾ ಹುಟ್ಟಿದಳು. ಬಾಣಂತನ ನಮ್ಮ ಮನೆಯಲ್ಲಿಯೇ. ಪ್ರತಿ ಭಾನುವಾರ ಬೆಳಿಗ್ಗೆ ಒಂಬತ್ತೂವರೆಗೆ ನನ್ನ ಹಳೆಯ ಪಂಚೆಯೊಂದನ್ನು ಜೋಳಿಗೆಯಂತೆ ಕಟ್ಟಿ, ಅದರಲ್ಲಿ ಮಗುವನ್ನು ಮಲಗಿಸಿ, ತಕ್ಕಡಿಗೆ ತಗುಲಿಸಿ ತೂಕ ನೋಡಿ ಬರೆದಿಡುತ್ತಿದ್ದೆ. ಮುಳ್ಳು ಮೇಲೆ ಕೆಳಗೆ ಆಡಿ ಆಡಿ ನಿಲ್ಲಲು ಬಹಳ ಹೊತ್ತು ಹಿಡಿಯುತ್ತಿತ್ತು. ಅಷ್ಟು ಹೊತ್ತೂ ಮಗು ಕಣ್ಣು ಮುಚ್ಚಿಕೊಂಡು, ಒಂದು ಚೂರೂ ಗಲಾಟೆ ಮಾಡದೆ ಸಹಕರಿಸುತ್ತಿತ್ತು. ತಪಾಸಣೆಗೆ ಇಷ್ಟು ಸಹಕಾರ ಕೊಟ್ಟ ಇನ್ನೊಬ್ಬ ಪ್ರಜೆಯನ್ನು ನಾನು ನನ್ನ ಸೇವಾವಧಿಯಲ್ಲಿ ಕಂಡಿರಲಿಲ್ಲ.

ಸೆಪ್ಟೆಂಬರ್ ಒಂದರ ಸೋಮವಾರ ಕುಸುಮಾಳ ರಜೆ ಮುಗಿಯುವುದಿತ್ತು. ಆಮೇಲೆ ಹಗಲು ಹೊತ್ತು ಮಗು ಎಲ್ಲಿರಬೇಕು? ನಾನು ಸಮಾನ ಹಂಚಿಕೆಯ ಸೂತ್ರವೊಂದನ್ನು ಮುಂದಿಟ್ಟೆ: ಸೋಮವಾರದಿಂದ ಶುಕ್ರವಾರದವರೆಗೆ ತಾಯಿಮಗು ಚಾಮರಾಜಪೇಟೆಯಲ್ಲಿ, ಶನಿವಾರ ಭಾನುವಾರ ಕುಮಾರ ಪಾರ್ಕಿನಲ್ಲಿ. (ಐದು ಮತ್ತು ಎರಡು ಸಮಾನವೇ ಎಂದು ಬೀಗರು ಕೇಳಿದರು. ಬ್ಯಾಂಕು ಚಾಮರಾಜಪೇಟೆಗೆ ಹತ್ತಿರ ಎಂಬುದನ್ನು ಅವರು ತೂಕಕ್ಕೆ ಹಾಕಿರಲಿಲ್ಲ.) ಅದಕ್ಕೆ ಅವರು ಫೋನಿನಲ್ಲಿ ಹೇಳಿದ ಮಾತು ಇದು:

"ಬೀಗ್ರೇ, ಮಕ್ಕಳಿಗೆ ಜಾಗ ಬದಲಾದ್ರೆ ನಿದ್ದೆ ಬರಲ್ಲ. ಅಲ್ಲೊಂದು ಹಾಸಿಗೆ ಇಲ್ಲೊಂದು ಹಾಸಿಗೆ ಅಂದ್ರೆ ಹೆಂಗೆ? ನಮ್ಮನೇಲೇ ಇರ್ಲಿ ಬಿಡಿ. ನೀವು ಬೇಕಂದಾಗ ಬಂದು ನೋಡ್ಕೊಂಡು ಹೋಗಿ."

ಬಂದು ನೋಡಿಕೊಂಡು ಹೋಗುವುದು! ನಾಲ್ಕು ತಿಂಗಳು ಪ್ರತಿ ವಾರ ತೂಗಿದ ಮಗುವನ್ನು ನಾನು ಇನ್ನು ಮುಂದೆ ಬಿಸ್ಕತ್ತಿನ ಪೊಟ್ಟಣ ಹಿಡಿದುಕೊಂಡು ಹೋಗಿ, ಬಾಗಿಲು ತಟ್ಟಿ, ಅತಿಥಿಯಂತೆ ನೋಡಿ ಬರಬೇಕೇ? ಆ ದಿನ ನನಗೆ ಊಟ ಸೇರಲಿಲ್ಲ. (ಮೂರು ಚಪಾತಿಯ ಬದಲು ಎರಡು.) ಅಂದು ಹೊಳೆದದ್ದೇ ಆ ಮಹತ್ತರ ಉಪಾಯ. ಮನೆ ಎರಡಾದರೇನು, ಹಾಸಿಗೆ ಒಂದೇ ಆಗಿದ್ದರಾಯಿತಲ್ಲ! ಮಡಚಿ, ಚೀಲಕ್ಕೆ ಹಾಕಿ, ಕಾರಿನಲ್ಲಿಟ್ಟು ಮಗುವಿನೊಡನೆಯೇ ಒಯ್ಯುವ ತೊಟ್ಟಿಲು. ಅಟ್ಟದ ಮೇಲೆ ನಮ್ಮ ಮಾವನವರು ಕೊಟ್ಟ ತೇಗದ ತೊಟ್ಟಿಲಿದೆ, ನಿಜ. ಅದನ್ನು ಇಳಿಸಲು ನಾಲ್ಕು ಜನ ಬೇಕು. ತೊಟ್ಟಿಲು ಕೊಡುವುದು ಹೇಗೂ ತವರುಮನೆಯ ಹಕ್ಕು. ಆ ಹಕ್ಕನ್ನು ನಾನು ಆಧುನಿಕ ರೀತಿಯಲ್ಲಿ ಚಲಾಯಿಸುವುದೆಂದು ತೀರ್ಮಾನಿಸಿದೆ.

ಬೀಗರು ಕೊನೆಗೆ ಒಪ್ಪಿದರು. "ಆಯ್ತು, ಇಪ್ಪತ್ನಾಲ್ಕನೇ ತಾರೀಕು ಭಾನುವಾರ ಬರ್ತೀವಿ. ಮಗು ಅದರಲ್ಲಿ ನಿದ್ದೆ ಮಾಡಿದ್ರೆ ನಿಮ್ಮ ಲೆಕ್ಕ. ಮಾಡ್ಲಿಲ್ಲ ಅಂದ್ರೆ ಅವತ್ತೇ ಕುಮಾರ ಪಾರ್ಕ್. ಮಾತು ಮಾತೇ ಬೀಗ್ರೇ."

"ಮಾತು ಮಾತೇ" ಎಂದೆ.

ನನ್ನ ಹೆಂಡತಿ ಸುಬ್ಬಲಕ್ಷ್ಮಿ ಅಡುಗೆಮನೆಯಿಂದ ಇಣುಕಿ, "ನೀವು ಕೊಟ್ಟ ಮಾತು ನಾನು ಉಳಿಸ್ಬೇಕು. ಮೂವತ್ತೈದು ವರ್ಷದಿಂದ ಇದೇ ಆಯ್ತು" ಎಂದಳು. (ಮೂವತ್ಮೂರು.)

ತೊಟ್ಟಿಲಿಗೆ ಇರಬೇಕಾದ ಲಕ್ಷಣಗಳನ್ನು ನಾನು ಹದಿನೇಳು ಅಂಶಗಳಲ್ಲಿ ಪಟ್ಟಿ ಮಾಡಿದೆ. ಒಂಬತ್ತನೆಯದು ಹೀಗಿತ್ತು: "ಸದರಿ ತೊಟ್ಟಿಲು ಯಾವುದೇ ಕಾರಣಕ್ಕೂ ಅಲುಗಾಡತಕ್ಕದ್ದಲ್ಲ." ಅಲುಗಾಡುವ ಉಪಕರಣದಿಂದ ನಿಖರತೆ ಸಾಧ್ಯವಿಲ್ಲ ಎಂಬುದು ನನ್ನ ಸೇವಾನುಭವ. ಪಟ್ಟಿ, ಅಳತೆಯ ಟೇಪು, ತಕ್ಕಡಿ, ಹೆಂಡತಿ, ಈ ನಾಲ್ಕನ್ನೂ ಜೊತೆಗೆ ಕರೆದುಕೊಂಡು ಚಿಕ್ಕಪೇಟೆಗೆ ಹೊರಟೆ. ಮರದ ಮೆಟ್ಟಿಲು ಹತ್ತಿದ ಮೇಲೆ ಮಕ್ಕಳ ಸಾಮಾನಿನ ಅಂಗಡಿ. ಮಾಲೀಕರು ಆಂಜಿನಯ್ಯ.

"ಬನ್ನಿ ಸಾರ್, ಬನ್ನಿ ಅಮ್ಮ. ಮಗು ಎಷ್ಟು ತಿಂಗಳದು?"

"ನಾಲ್ಕು ತಿಂಗಳು ಒಂದು ದಿನ. ತೂಕ ಆರು ಕಿಲೋ ಐನೂರು ಗ್ರಾಂ" ಎಂದೆ.

"ಪರ್ವಾಗಿಲ್ವೇ, ಒಳ್ಳೇ ತೂಕ!"

ನಾನು ಸುಬ್ಬಲಕ್ಷ್ಮಿಯ ಕಡೆ ನೋಡಿದೆ. ಅವಳು ಛಾವಣಿಗೆ ತೂಗುಹಾಕಿದ್ದ ಗಿಲಕಿಗಳ ಕಡೆ ನೋಡುತ್ತಿದ್ದಳು.

ಮೊದಲು ತಂದದ್ದು ಬೆತ್ತದ ತೊಟ್ಟಿಲು. "ಇದನ್ನು ಮಡಚುವ ವಿಧಾನವೇನು?" ಎಂದು ಕೇಳಿದೆ.

"ಕಾಲು ಬಿಚ್ಚಿ, ಕೈ ಬಿಚ್ಚಿ, ಬುಟ್ಟಿ ಬೇರೆ ಮಾಡಿದ್ರೆ ಆಯ್ತು ಸಾರ್."

"ಅದು ಮಡಚುವುದಲ್ಲ. ಅಂಗಚ್ಛೇದ."

ಎರಡನೆಯದು ಕಬ್ಬಿಣದ ಪೈಪಿನದು. ಗುಂಡಿ ಒತ್ತಿದರೆ ಅದರಿಂದ ಹಾಡಿನಂಥ ಒಂದು ಸದ್ದು ಬರುತ್ತಿತ್ತು. ಆಂಜಿನಯ್ಯ ಅದನ್ನು ಬೆರಳಿನಿಂದ ತಳ್ಳಿದರು. ತೊಟ್ಟಿಲು ಹಿಂದಕ್ಕೂ ಮುಂದಕ್ಕೂ ತೂಗಿತು.

"ತೂಗುತ್ತೆ ಸಾರ್ ಇದು! ತುಂಬಾ ಮೂವಿಂಗು!"

"ಒಂಬತ್ತನೇ ಅಂಶದ ಪ್ರಕಾರ ತಿರಸ್ಕೃತ."

"ಅಯ್ಯೋ, ತೊಟ್ಟಿಲು ತೂಗದೆ ಇನ್ನೇನು ಮಾಡುತ್ತೆ ರೀ?" ಎಂದಳು ಸುಬ್ಬಲಕ್ಷ್ಮಿ. "ಅಲುಗಬಾರದು ಅಂತಿದ್ರೆ ಮಗೂನ ಊಟದ ಮೇಜಿನ ಮೇಲೆ ಮಲಗಿಸಿ."

"ನಿನಗೆ ತಾಂತ್ರಿಕ ವಿಷಯ ಅರ್ಥವಾಗುವುದಿಲ್ಲ."

"ನನಗೆ ಮಗು ಅರ್ಥ ಆಗುತ್ತೆ."

ಆಂಜಿನಯ್ಯ ಅನುಭವಸ್ಥರು. ಮೂರನೆಯ ಪೆಟ್ಟಿಗೆಯನ್ನು ತಕ್ಷಣ ಬಿಚ್ಚಿದರು. ಅದು ಹೊರದೇಶದ್ದು. ನೀಲಿ ಬಟ್ಟೆ, ನಾಲ್ಕೂ ಕಡೆ ಬಲೆ, ಬಲೆಯ ಕೆಳಗೆ ಸಾಲಾಗಿ ಆನೆಗಳು, ಒಯ್ಯಲು ಉದ್ದನೆಯ ಚೀಲ. ನಾಲ್ಕು ಕಾಲು ನೆಲಕ್ಕೆ ಊರಿ ನಿಂತದ್ದು ನಾನು ನೂಕಿದರೂ ಅಲುಗಲಿಲ್ಲ. ಪೆಟ್ಟಿಗೆಯ ಮೇಲೆ ಮೂರು ಘೋಷಣೆಗಳಿದ್ದವು: ಒಂದು ನಿಮಿಷದಲ್ಲಿ ಬಿಡಿಸಬಹುದು, ತೊಟ್ಟಿಲಿನ ತೂಕ ಒಂಬತ್ತೂವರೆ ಕಿಲೋ, ಹದಿನೈದು ಕಿಲೋಗಿಂತ ಹೆಚ್ಚು ಭಾರ ಹಾಕಬಾರದು. ಬಿಡಿಸುವ ಕೆಲಸ ನಾನೇ ಮಾಡಿ ನೋಡಿದೆ. ಮೊದಲು ನಡುವನ್ನು ಅದುಮಿದೆ, ಬದಿಗಳು ಕುಸಿದವು. ಬದಿಗಳನ್ನು ಎತ್ತಿದೆ, ನಡುವು ಎದ್ದು ಗದ್ದಕ್ಕೆ ಬಡಿಯಿತು. ಹನ್ನೊಂದು ನಿಮಿಷವಾಯಿತು. ಆಂಜಿನಯ್ಯ ಬಂದು, "ಮೊದ್ಲು ಬದಿ ಲಾಕು, ಆಮೇಲೆ ನಡುವು ಸಾರ್" ಎಂದು ನಲವತ್ತು ಸೆಕೆಂಡಿನಲ್ಲಿ ಮುಗಿಸಿದರು. ಮೊದಲನೆಯ ಘೋಷಣೆಯನ್ನು ಮಾನ್ಯ ಮಾಡಿದೆ.

ಎರಡನೆಯದಕ್ಕೆ ನನ್ನ ತಕ್ಕಡಿ ಹೊರಬಂತು. ಅಂಗಡಿಯ ಕೊಕ್ಕೆಯಲ್ಲಿದ್ದ ಗಿಲಕಿಗಳನ್ನು ತೆಗೆಸಿ ತೊಟ್ಟಿಲನ್ನು ತೂಗುಹಾಕಿಸಿದೆ. ಮುಳ್ಳು ಆಡಿ ಆಡಿ ನಿಂತಿತು. ಹತ್ತು ಕಿಲೋ ಆರುನೂರು.

ಓದುಗರೇ, ಐದು ವರ್ಷಗಳ ನಂತರ ನನ್ನ ರಕ್ತ ಅಂದು ಮತ್ತೆ ಕರ್ತವ್ಯಕ್ಕೆ ಹಾಜರಾಯಿತು! "ಏನಿದು ಆಂಜಿನಯ್ಯನವರೇ? ಘೋಷಿತ ತೂಕಕ್ಕೂ ವಾಸ್ತವ ತೂಕಕ್ಕೂ ಒಂದು ಕಿಲೋ ನೂರು ಗ್ರಾಂ ವ್ಯತ್ಯಾಸ! ಪೆಟ್ಟಿಗೆಯ ಮೇಲೆ ಸುಳ್ಳು ಬರೆದು ಮಾರುವುದು ಅಪರಾಧ ಎಂದು ಗೊತ್ತೇ?"

"ಸಾರ್, ಜಾಸ್ತಿ ಇದ್ರೆ ನಿಮ್ಗೇ ಲಾಭ ಅಲ್ವಾ ಸಾರ್?"

"ಸತ್ಯಕ್ಕೆ ಲಾಭನಷ್ಟವಿಲ್ಲ. ದೂರು ಬರೆಯಲೇ, ತಿದ್ದುತ್ತೀರೋ?"

ಪಾಪ, ಆ ಮನುಷ್ಯ ಪೆಟ್ಟಿಗೆಯ ಮೇಲಿನ ೯.೫ನ್ನು ಹೊಡೆದುಹಾಕಿ, ೧೦.೬ ಎಂದು ಬರೆದು, ಕೆಳಗೆ ಸಹಿ ಹಾಕಿ, ಅಂಗಡಿಯ ಮೊಹರನ್ನೂ ಒತ್ತಿಕೊಟ್ಟರು. ಆ ಪೆಟ್ಟಿಗೆಯನ್ನು ನಾನು ಆಟೋದಲ್ಲಿ ತೊಡೆಯ ಮೇಲಿಟ್ಟುಕೊಂಡು, ತಿದ್ದುಪಡಿ ಎಲ್ಲರಿಗೂ ಕಾಣುವ ಹಾಗೆ ಹಿಡಿದುಕೊಂಡು ಮನೆಗೆ ಬಂದೆ.

ಇಪ್ಪತ್ನಾಲ್ಕರ ಭಾನುವಾರ ಹನ್ನೊಂದು ಗಂಟೆಗೆ ಬೀಗರೂ ಬೀಗಿತಿ ಶೈಲಜಮ್ಮನವರೂ ಅಳಿಯಂದಿರೂ ಬಂದರು. ಮುನಿರಾಮಪ್ಪನವರು ಚಪ್ಪಲಿ ಬಿಟ್ಟವರೇ ಮೊಮ್ಮಗಳನ್ನು ಎತ್ತಿಕೊಂಡು, ಒಂದು ಸಲ ಮೇಲಕ್ಕೆ ಎಗರಿಸಿ ಹಿಡಿದು, "ಐದು ಮುಕ್ಕಾಲು, ಐದು ಎಂಟ್ನೂರು" ಎಂದರು.

"ಆರೂವರೆ. ಬೆಳಿಗ್ಗೆ ಒಂಬತ್ತೂವರೆಗೆ ತೂಗಿದ್ದೇನೆ" ಎಂದು ಪುಸ್ತಕ ತೋರಿಸಿದೆ.

"ಇರ್ಬಹುದು ಬೀಗ್ರೇ. ನಲವತ್ತು ವರ್ಷ ಹೂಕೋಸು ಎತ್ತಿದ ಕೈ, ಅಷ್ಟೆ."

"ಕೈ ತಕ್ಕಡಿಯಲ್ಲ."

"ಅಪ್ಪಾ, ಮೊದ್ಲು ಕಾಫಿ ಕುಡೀಲಿ ಅವರು" ಎಂದಳು ಕುಸುಮಾ.

ನಡುಮನೆಯಲ್ಲಿ ನಾನು ತೊಟ್ಟಿಲನ್ನು ಬಿಡಿಸಿ ನಿಲ್ಲಿಸಿದೆ. (ಮೊದಲು ಬದಿ, ಆಮೇಲೆ ನಡುವು. ಐವತ್ತೆರಡು ಸೆಕೆಂಡು.) ಅಳಿಯಂದಿರು ಚಪ್ಪಾಳೆ ತಟ್ಟಿದರು. ಆಗ ಸುಬ್ಬಲಕ್ಷ್ಮಿ ಅಡುಗೆಮನೆಯಿಂದ ಒರಳಿನ ಗುಂಡುಕಲ್ಲನ್ನು ಸೊಂಟದ ಮೇಲಿಟ್ಟುಕೊಂಡು ಬಂದಳು. ತೊಳೆದು, ಅರಿಶಿನ ಕುಂಕುಮ ಹಚ್ಚಿ, ರಮ್ಯಾಳ ಹಳೆಯ ಕುಲಾವಿಯನ್ನು ತೊಡಿಸಿದ್ದಳು. ಹೊಸ ತೊಟ್ಟಿಲಲ್ಲಿ ಮೊದಲು ಗುಂಡುಕಲ್ಲು ಮಲಗಬೇಕು, ಆಮೇಲೆ ಮಗು. ಮಗು ಕಲ್ಲಿನ ಹಾಗೆ ಗಟ್ಟಿಮುಟ್ಟಾಗಿರಲಿ ಎಂಬುದು ಶಾಸ್ತ್ರ. ಇದು ನನಗೂ ಗೊತ್ತು. ಆದರೆ ಮೂರನೆಯ ಘೋಷಣೆ?

"ನಿಲ್ಲು!" ಎಂದೆ. ಕಲ್ಲನ್ನು ಅವಳ ಕೈಯಿಂದ ತೆಗೆದುಕೊಂಡು, ಪಂಚೆಯಲ್ಲಿ ಕಟ್ಟಿ ತಕ್ಕಡಿಗೆ ತಗುಲಿಸಿದೆ. "ಹದಿನೈದು ಕಿಲೋ ಒಂಬೈನೂರು. ಗರಿಷ್ಠ ಮಿತಿ ಹದಿನೈದು. ಸಾಧ್ಯವಿಲ್ಲ."

"ಗುಂಡಪ್ಪ ಮಲಗ್ದೆ ಮಗು ಮಲಗಲ್ಲ" ಎಂದಳು ಸುಬ್ಬಲಕ್ಷ್ಮಿ.

"ಮಲಗಿದರೆ ತೊಟ್ಟಿಲು ಮುರಿಯುತ್ತದೆ."

"ಒಂದು ನಿಮಿಷ ಮಲಗಿ ಎದ್ದುಬಿಡುತ್ತೆ ರೀ, ಸಂಸಾರ ಮಾಡೋಕೆ ಬಂದಿಲ್ಲ ಅದು!"

"ಬೇಕಾದರೆ ಲಟ್ಟಣಿಗೆ ಮಲಗಿಸು."

ಶೈಲಜಮ್ಮನವರು ಕೆನ್ನೆ ಕೆನ್ನೆ ಬಡಿದುಕೊಂಡರು. "ಬಿಡ್ತು ಅನ್ನಿ ಬೀಗ್ರೇ! ಮಗು ಲಟ್ಟಣಿಗೆ ಹಂಗಾದ್ರೆ?"

ಮುನಿರಾಮಪ್ಪನವರು ಲೋಟ ಕೆಳಗಿಟ್ಟು ಎದ್ದರು. ಕಲ್ಲನ್ನು ಕುಲಾವಿಯ ಸಮೇತ ಎತ್ತಿ, ಕಣ್ಣು ಮುಚ್ಚಿ, ಎರಡು ಸಲ ಜಗ್ಗಿ ನೋಡಿದರು. "ಹದಿನಾಲ್ಕು. ಬಿಟ್ರೆ ಇನ್ನೂರು ಗ್ರಾಂ ಮೇಲೆ. ಮಲಗ್ಸಿ ಬೀಗಿತಿ, ಏನೂ ಆಗಲ್ಲ."

"ಯಂತ್ರ ಹದಿನೈದು ಒಂಬೈನೂರು ಹೇಳುತ್ತಿದೆ!" ಎಂದೆ.

"ಹಂಗಾದ್ರೆ ಯಂತ್ರಕ್ಕೆ ಏನೋ ಆಗೈತೆ."

ಮೂವತ್ತನಾಲ್ಕು ವರ್ಷದ ಸೇವೆಯಲ್ಲಿ ನನ್ನ ತಕ್ಕಡಿಯ ಮೇಲೆ ಇಂಥ ಆರೋಪ ಬಂದಿರಲಿಲ್ಲ. "ರುಜುವಾತುಪಡಿಸಿ" ಎಂದೆ. ಬೀಗರು ಮಂಡಿಗೆ ಫೋನ್ ಮಾಡಿದರು. ಕಲಾಸಿಪಾಳ್ಯ ನಮ್ಮ ಮನೆಗೆ ಎಷ್ಟು ಹತ್ತಿರ ಎಂಬುದು ಆ ಕ್ಷಣದಲ್ಲಿ ನನಗೆ ನೆನಪಾಗಲಿಲ್ಲ. ಇಪ್ಪತ್ತು ನಿಮಿಷದಲ್ಲಿ ಲಗೇಜ್ ಆಟೋದಲ್ಲಿ ಬೀಗರ ಮಂಡಿಯ ದೊಡ್ಡ ತಕ್ಕಡಿಯೂ ತೂಕದ ಬಟ್ಟುಗಳೂ ಬಂದಿಳಿದವು. ನಾನು ಕನ್ನಡಕ ಏರಿಸಿಕೊಂಡು ಅವುಗಳ ಮೇಲಿನ ಇಲಾಖೆಯ ಮುದ್ರೆಗಳನ್ನು ಒಂದೊಂದಾಗಿ ಪರೀಕ್ಷಿಸಿದೆ. ಅದೇ ವರ್ಷದ ಮುದ್ರೆ. ಸ್ಪಷ್ಟವಾದ ಅಂಚು, ಸರಿಯಾದ ಆಳ. ಒತ್ತಿದವನು ವೆಂಕಟಾಚಲ; ನನ್ನ ಕೈಕೆಳಗೆ ಕೆಲಸ ಕಲಿತ ಇನ್‌ಸ್ಪೆಕ್ಟರ್. ಮುದ್ರೆ ಎಂದರೆ ಹೀಗಿರಬೇಕು ಎಂದು ಅವನಿಗೆ ಹೇಳಿಕೊಟ್ಟವನು ನಾನೇ. ಒಂದು ಗಳಿಗೆ ಎದೆ ತುಂಬಿ ಬಂತು.

ಮರುಗಳಿಗೆಯಲ್ಲಿ ಗುಂಡುಕಲ್ಲು ಹದಿನಾಲ್ಕು ಕಿಲೋ ಇನ್ನೂರು ಗ್ರಾಂ ತೂಗಿತು.

ಮತ್ತೊಮ್ಮೆ ತೂಗಿಸಿದೆ. ತಟ್ಟೆ ಬದಲಿಸಿ ತೂಗಿಸಿದೆ. ಮಡಚಿದ ತೊಟ್ಟಿಲನ್ನು ಇಡಿಸಿದೆ: ಒಂಬತ್ತೂವರೆ. ಮಗುವನ್ನು ಇಡಿಸಿದೆ, ತರಕಾರಿಯ ತಟ್ಟೆಯಲ್ಲಿ ಮಗು ಚೀರಿಕೊಂಡೇ ತೂಗಿತು: ಐದು ಕಿಲೋ ಎಂಟುನೂರು. ನೂರಕ್ಕೆ ಹನ್ನೆರಡರಷ್ಟು ದೋಷ, ಎಲ್ಲ ಕಡೆಯೂ ಒಂದೇ ಸಮನಾಗಿ. (ದೋಷದಲ್ಲಿಯೂ ನನ್ನ ತಕ್ಕಡಿ ಎಷ್ಟು ಶಿಸ್ತಿನದು ಎಂಬುದನ್ನು ಗಮನಿಸಬೇಕು.)

ಮುನಿರಾಮಪ್ಪನವರು ನನ್ನ ಸ್ಪ್ರಿಂಗ್ ತಕ್ಕಡಿಯನ್ನು ತಿರುಗಿಸಿ ಬೆನ್ನು ನೋಡಿದರು. "ಮುದ್ರೆ ಯಾವಾಗಿನದು ಬೀಗ್ರೇ ಇದು?"

"ತೊಂಬತ್ತೆಂಟು."

"ನನ್ನ ಮಂಡೀಲಿ ಹಿಂಗೆ ಐದು ವರ್ಷದ ಹಳೇ ಮುದ್ರೆ ಸಿಕ್ಕಿದ್ರೆ ನೀವೇನು ಮಾಡ್ತಿದ್ರಿ?"

"ಮನೆಬಳಕೆಯ ತಕ್ಕಡಿಗೆ ಮುದ್ರೆ ಕಡ್ಡಾಯವಲ್ಲ" ಎಂದೆ. ದನಿ ನನಗೇ ಕೇಳಿಸಲಿಲ್ಲ.

"ಚಿಕ್ಕಪೇಟೆ ಅಂಗಡಿ ಮನೆಬಳಕೇನಾ ಮಾವ?" ಎಂದರು ಅಳಿಯಂದಿರು. ಅದುವರೆಗೆ ಅವರನ್ನು ಸಂಭಾವಿತರೆಂದು ತಿಳಿದಿದ್ದೆ.

ಆಗ ಸುಬ್ಬಲಕ್ಷ್ಮಿಯ ಮುಖದಲ್ಲಿ ನಿಧಾನವಾಗಿ ಏನೋ ಹೊಳೆಯತೊಡಗಿತು. ಅದನ್ನು ಕಂಡು ನನಗೆ ಭಯವಾಯಿತು. "ಅಕ್ಕಿ!" ಎಂದಳು. "ಅಪ್ಪಯ್ಯನ ಅಂಗಡಿಗೆ ಪ್ರತಿ ತಿಂಗಳು ಪೊಟ್ಟಣ ಕಟ್ಟಿ ವಾಪಸ್ಸು ಕೊಟ್ಟಿದ್ದು ನಮ್ಮ ಅಕ್ಕಿ! ಇಪ್ಪತ್ತೆಂಟನೇ ತಾರೀಕಿಗೆಲ್ಲ ಡಬ್ಬ ಯಾಕೆ ಖಾಲಿ ಆಗುತ್ತೆ ಅಂತ ನಾನು ಇಲಿ ಬೋನು ಇಟ್ಟಿದ್ದೆ! ಐದು ವರ್ಷ! ಎಪ್ಪತ್ತು ಕಿಲೋ ಆಗಿರುತ್ತೆ!"

"ಸ್ಪ್ರಿಂಗು ಒಂದೇ ದಿನದಲ್ಲಿ ಸಡಿಲವಾಗಿರುವುದಿಲ್ಲ. ಐವತ್ತು ಕಿಲೋ ದಾಟಲಾರದು" ಎಂದು ತಿದ್ದಿದೆ. ಈ ತಿದ್ದುಪಡಿಯಿಂದ ವಾತಾವರಣ ಸುಧಾರಿಸಲಿಲ್ಲ.

ಗುಂಡುಕಲ್ಲು ಮಲಗಿತು. ತೊಟ್ಟಿಲು ಕಿರ್ ಎನ್ನಲಿಲ್ಲ. ಹೆಂಗಸರು ಆರತಿ ಎತ್ತಿದರು. ಕಲ್ಲನ್ನು ತೆಗೆದು ಮಗುವನ್ನು ಮಲಗಿಸಿದರು. ಆಗ ಗಂಟೆ ಹನ್ನೆರಡು ಇಪ್ಪತ್ತು.

ಆಮೇಲಿನ ನಲವತ್ತೊಂದು ನಿಮಿಷಗಳ ಬಗ್ಗೆ ಹೆಚ್ಚು ಬರೆಯುವುದಿಲ್ಲ. ಹಾಲು ಕುಡಿಸಿ ಮಲಗಿಸಿದರು. ತಟ್ಟಿ ಮಲಗಿಸಿದರು. ಸುಬ್ಬಲಕ್ಷ್ಮಿ ಜೋಗುಳ ಹಾಡಿದಳು, ಶೈಲಜಮ್ಮ ಗಿಲಕಿ ಆಡಿಸಿದರು, ಅಳಿಯಂದಿರು ಬೆಕ್ಕಿನಂತೆ ಕೂಗಿದರು. ನಾನು ತೊಟ್ಟಿಲನ್ನು ತೂಗಲು ನೋಡಿದೆ. ಅದು ಅಲುಗಲಿಲ್ಲ. ಒಂಬತ್ತನೇ ಅಂಶವನ್ನು ಇಷ್ಟು ನಿಷ್ಠೆಯಿಂದ ಪಾಲಿಸಿದ ವಸ್ತು ಇನ್ನೊಂದಿರಲಾರದು. ಮಗುವಿನ ಮುಖ ಬೀಟ್‌ರೂಟಿನಂತಾಯಿತು.

ಒಂದು ಗಂಟೆ ಒಂದು ನಿಮಿಷಕ್ಕೆ ಕುಸುಮಾ ಮಗುವನ್ನು ಎತ್ತಿಕೊಂಡಳು. "ಸಾಕು ಅಪ್ಪ. ಅವಳಿಗೆ ಆಗ್ತಿಲ್ಲ."

ಮುನಿರಾಮಪ್ಪನವರು ಗೆದ್ದವರ ದನಿಯಲ್ಲಿ ಹೇಳಿದ್ದರೆ ನಾನು ಜಗಳವಾಡುತ್ತಿದ್ದೆ. ಅವರು ಹಾಗೆ ಹೇಳಲಿಲ್ಲ. ನನ್ನ ಪಕ್ಕದಲ್ಲಿ ಕುಳಿತು, ಮೆಲ್ಲಗೆ, "ಮಾತು ಮಾತೇ ಬೀಗ್ರೇ. ಮಧ್ಯಾಹ್ನ ಊಟ ಆದ್ಮೇಲೆ ಕರ್ಕೊಂಡು ಹೋಗ್ತೀವಿ. ದಿನಾ ಬನ್ನಿ ನೀವು, ನಮ್ಮನೆ ಬೇರೆ ಅಲ್ಲ" ಎಂದರು.

"ಸರಿ" ಎಂದೆ. ಕುಸುಮಾ ಕೋಣೆಯೊಳಗೆ ಮಗುವಿನ ಬಟ್ಟೆಗಳನ್ನು ಮಡಚಿ ಚೀಲಕ್ಕೆ ತುಂಬುವ ಸದ್ದು ಕೇಳಿಸುತ್ತಿತ್ತು. ನನ್ನ ತೂಕದ ಪುಸ್ತಕ ಮೇಜಿನ ಮೇಲಿತ್ತು. ಹದಿನೆಂಟು ಭಾನುವಾರಗಳು, ಹದಿನೆಂಟೂ ತಪ್ಪು.

ತಪ್ಪು ದಾಖಲೆಯನ್ನು ಹಾಗೆಯೇ ಬಿಟ್ಟು ಕಳಿಸಲು ಮನಸ್ಸು ಒಪ್ಪಲಿಲ್ಲ. "ಕುಸುಮಾ, ಮಗುವನ್ನು ಒಂದು ಸಲ ಕೊಡಮ್ಮ. ನನ್ನ ತಕ್ಕಡಿಯಲ್ಲಿ ಈಗ ಎಷ್ಟು ತೋರಿಸುತ್ತದೆ ಎಂದು ಬರೆದುಕೊಂಡರೆ ಹಳೆಯದನ್ನೆಲ್ಲ ತಿದ್ದಬಹುದು. ಆಮೇಲೆ ಹೊರಡಿ" ಎಂದೆ.

"ಈಗ್ಲೂ ತೂಕಾನಾ!" ಎಂದಳು ಸುಬ್ಬಲಕ್ಷ್ಮಿ. ಆದರೂ ಪಂಚೆಯ ಗಂಟನ್ನು ಅವಳೇ ಕಟ್ಟಿಕೊಟ್ಟಳು.

ಮಗು ಬಿಕ್ಕುತ್ತಲೇ ಜೋಳಿಗೆಯೊಳಗೆ ಹೋಯಿತು. ಸಡಿಲವಾದ ಸ್ಪ್ರಿಂಗು ಅದರ ಭಾರಕ್ಕೆ ಕೆಳಕ್ಕೆ ಜಗ್ಗಿತು, ಮೇಲಕ್ಕೆ ಎದ್ದಿತು, ಮತ್ತೆ ಜಗ್ಗಿತು. ಮುಳ್ಳು ಐದಕ್ಕೂ ಎಂಟಕ್ಕೂ ನಡುವೆ ತೂಗಾಡಿತು. ಬಿಕ್ಕು ಒಂದು. ಬಿಕ್ಕು ಎರಡು. ಮೂರನೆಯದು ಅರ್ಧಕ್ಕೇ ನಿಂತಿತು. ನಾನು ಪೆನ್ನು ಹಿಡಿದು ಮುಳ್ಳು ನಿಲ್ಲುವುದನ್ನೇ ಕಾಯುತ್ತಿದ್ದೆ. ಅದು ನಿಲ್ಲುವ ಮೊದಲೇ ಪಂಚೆಯ ಮಡಿಕೆಯಿಂದ ಸಣ್ಣಗೆ ಗೊರಕೆಯ ಸದ್ದು ಬಂತು.

ನಡುಮನೆಯಲ್ಲಿ ಆರು ಜನ ಉಸಿರು ಬಿಗಿಹಿಡಿದು ನಿಂತೆವು.

"ಮಲಗ್ಬಿಟ್ಲು" ಎಂದು ಪಿಸುಗುಟ್ಟಿದರು ಶೈಲಜಮ್ಮ.

"ಪ್ರತಿ ಭಾನುವಾರ ಹಿಂಗೇ ಮಲಗ್ತಿದ್ಲು" ಎಂದು ಕುಸುಮಾ ಪಿಸುಗುಟ್ಟಿದಳು. "ಅಪ್ಪ ತೂಕಕ್ಕೆ ಸಹಕಾರ ಅಂತಿದ್ರು."

ಮುನಿರಾಮಪ್ಪನವರು ತಕ್ಕಡಿಯನ್ನು ಕೆಳಗಿನಿಂದ ಮೇಲಿನವರೆಗೆ ನೋಡಿದರು. "ಕಾರಲ್ಲಿ ಒಯ್ಯೋಕೆ ಇದೇನು ಭಾರ ಬೀಗ್ರೇ? ಒಂದೂವರೆ ಕಿಲೋ. ಪಂಚೆ ಸೇರಿ."

"ಒಂದು ಕಿಲೋ ನಾನೂರು" ಎನ್ನಲು ಹೊರಟವನು ಬಾಯಿ ಮುಚ್ಚಿಕೊಂಡೆ.

ಹೀಗೆ ಅಂತಿಮವಾಗಿ ಆಯ್ಕೆಯಾದ ಸಾಗಿಸಬಲ್ಲ ತೊಟ್ಟಿಲು ನನ್ನ ಬೀಳ್ಕೊಡುಗೆಯ ತಕ್ಕಡಿಯೇ. ಸೋಮವಾರದಿಂದ ಶುಕ್ರವಾರದವರೆಗೆ ಚಾಮರಾಜಪೇಟೆಯ ತೊಲೆಗೆ, ಶನಿವಾರ ಭಾನುವಾರ ಕುಮಾರ ಪಾರ್ಕಿನ ಕೊಂಡಿಗೆ. ಬೀಗರು ಹೊಸ ಸ್ಪ್ರಿಂಗ್ ತಕ್ಕಡಿಯೊಂದನ್ನು ಕೊಂಡು, ಮುದ್ರೆ ಹಾಕಿಸಿ ಪ್ರಯತ್ನಿಸಿದರು. ಅದರ ಸ್ಪ್ರಿಂಗು ಬಿಗಿ. ಮಗು ಹತ್ತಿರ ಸೇರಿಸಲಿಲ್ಲ. ನಮ್ಮದು ಸಡಿಲವಾದ ಕಾರಣವೂ ತನಿಖೆಯಲ್ಲಿ ಪತ್ತೆಯಾಯಿತು: ಮೂರು ವರ್ಷದಿಂದ ಪ್ರತಿ ಹಬ್ಬಕ್ಕೂ ಬೀಗರು ಕಳಿಸುವ ಭಾರಿ ಬಾಳೆಗೊನೆಗಳನ್ನು ಸುಬ್ಬಲಕ್ಷ್ಮಿ ಸ್ಟೋರ್ ರೂಮಿನಲ್ಲಿ ಅದೇ ತಕ್ಕಡಿಯ ಕೊಕ್ಕೆಗೆ ವಾರಗಟ್ಟಲೆ ತೂಗುಹಾಕಿ ಹಣ್ಣು ಮಾಡುತ್ತಿದ್ದಳಂತೆ. ಈ ಅಂಶವನ್ನು ಬೀಗರು ತಮ್ಮ ಕಥೆಯಲ್ಲಿ ಎಲ್ಲಿಯೂ ಹೇಳುವುದಿಲ್ಲ.

ಆನೆಗಳ ತೊಟ್ಟಿಲನ್ನು ಮಡಚಿಡಲು ಸುಬ್ಬಲಕ್ಷ್ಮಿ ಬಿಡಲಿಲ್ಲ. ಶಾಸ್ತ್ರ ಮಾಡಿದ ತೊಟ್ಟಿಲು ಬರಿದಾಗಿರಬಾರದಂತೆ. ಅದು ನಡುಮನೆಯ ಮೂಲೆಯಲ್ಲಿ, ಅಲುಗಾಡದೆ ನಿಂತಿದೆ. ಅದರಲ್ಲಿ ಕುಲಾವಿ ತೊಟ್ಟ ಗುಂಡುಕಲ್ಲು ಮಲಗಿದೆ. ಇಡ್ಲಿಗೆ ರುಬ್ಬುವ ದಿನ ಅದನ್ನು ಎಬ್ಬಿಸಿ ಅಡುಗೆಮನೆಗೆ ಒಯ್ಯುವುದು, ತೊಳೆದು ತಂದು ಮತ್ತೆ ಮಲಗಿಸುವುದು ಈಗ ನನ್ನ ಕೆಲಸ. ಹದಿನಾಲ್ಕು ಕಿಲೋ ಇನ್ನೂರು ಗ್ರಾಂ ಎಂದರೆ ಎಷ್ಟು ಎಂಬುದು ಈಗ ಯಂತ್ರವಿಲ್ಲದೆಯೂ ನನ್ನ ಸೊಂಟಕ್ಕೆ ಗೊತ್ತು. ಚಿಕ್ಕಪೇಟೆಗೆ ಪೆಟ್ಟಿಗೆಯನ್ನು ಹೊತ್ತುಕೊಂಡು ಹೋಗಿ, ೧೦.೬ನ್ನು ಹೊಡೆದುಹಾಕಿ, ೯.೫ ಎಂದು ಬರೆದು, ಈ ಸಲ ನಾನು ಸಹಿ ಹಾಕಿ ಕೈ ಮುಗಿದೆ. ಆಂಜಿನಯ್ಯನವರು ಕಾಫಿ ತರಿಸಿದರು. ಮೂವತ್ತನಾಲ್ಕು ವರ್ಷ ಸೇವೆ, ಐದು ವರ್ಷ ನಿವೃತ್ತಿ. ಒಬ್ಬ ವರ್ತಕನ ಕಾಫಿಯನ್ನು ನಾನು ಕುಡಿದದ್ದು ಅದೇ ಮೊದಲು. ಅಪ್ಪಯ್ಯನ ಅಂಗಡಿಯ ಮುಂದೆ ಮಾತ್ರ ಹಾದುಹೋಗುತ್ತಿಲ್ಲ. ಹಿಂದಿನ ರಸ್ತೆಯಿಂದ ಸುತ್ತಿ ಬರುತ್ತೇನೆ.

ಆದರೂ ನನ್ನ ಹೆಮ್ಮೆಗೆ ಧಕ್ಕೆಯಾಗಿಲ್ಲ. ಇಡೀ ಬೆಂಗಳೂರಿನಲ್ಲಿ ಮೊಮ್ಮಗಳನ್ನು ವಾರಕ್ಕೆ ಐದು ದಿನ ಮಲಗಿಸುವ ಉಪಕರಣವನ್ನು ಇಲಾಖೆಯ ಬೀಳ್ಕೊಡುಗೆಯಲ್ಲಿ ಪಡೆದ ಅಧಿಕಾರಿ ನಾನೊಬ್ಬನೇ. ಸುಳ್ಳು ತೂಕ ತೋರಿಸುವ ತಕ್ಕಡಿಯನ್ನು ಮನೆಯಲ್ಲಿ ನೇತುಹಾಕುವುದು ಮನಸ್ಸಾಕ್ಷಿಗೆ ಒಗ್ಗದ ಕಾರಣ, ಅದರ ಹಿತ್ತಾಳೆ ಮುಖ ಪೂರ್ತಿ ಮುಚ್ಚುವಂತೆ ಒಂದು ಚೀಟಿ ಅಂಟಿಸಿದ್ದೇನೆ. ದಪ್ಪ ಅಕ್ಷರದಲ್ಲಿ, ದಿನಾಂಕ ಮತ್ತು ಸಹಿಯೊಡನೆ: "ತೂಕಕ್ಕಲ್ಲ. ನಿದ್ದೆಗೆ ಮಾತ್ರ."

ಮೊನ್ನೆ ಮಧ್ಯಾಹ್ನ ಮಗು ಅದರಡಿಯಲ್ಲಿ ಮಲಗಿತ್ತು. ಕಾವಲಿಗೆಂದು ನಾನು ಪಕ್ಕದ ಆರಾಮಕುರ್ಚಿಯಲ್ಲಿ ಕುಳಿತಿದ್ದೆ. ಕಣ್ಣು ಬಿಟ್ಟಾಗ ಸುಬ್ಬಲಕ್ಷ್ಮಿ ಮುಂದೆ ನಿಂತು ಚೀಟಿಯನ್ನೂ ನನ್ನನ್ನೂ ಬದಲಿಸಿ ಬದಲಿಸಿ ನೋಡುತ್ತಿದ್ದಳು.

"ಇದೇ ತರಹ ಇನ್ನೊಂದು ಚೀಟಿ ಬರ್ದು ನಿಮ್ಮ ಕುರ್ಚಿಗೂ ಅಂಟಿಸ್ಬಿಡಿ" ಎಂದಳು.

ಸದರಿ ಸಲಹೆ ಪರಿಶೀಲನೆಯಲ್ಲಿದೆ.